ಜಾಮರ್‌ನ ವೃತ್ತ

ಇಂದಿನ ವಿಷಯ ಸೇನೆಗೆ ಸಂಬಂಧಿಸಿದ್ದು. ಆದರೂ ನಿಮ್ಮ ಜೇಬಿನಲ್ಲಿರುವ ಫೋನು, ನಾಳೆ ನೀವು ಹತ್ತಲಿರುವ ವಿಮಾನ ಎರಡಕ್ಕೂ ಇದರಲ್ಲಿ ಪಾಲಿದೆ. ಉಪಗ್ರಹಗಳಿಂದ ಬರುವ ದಾರಿ ತೋರುವ ಸಂಕೇತವನ್ನು ಶತ್ರು ಮುಚ್ಚಿಹಾಕದಂತೆ ಕಾಪಾಡುವುದು ಹೇಗೆ, ಆ ಕೆಲಸದಲ್ಲಿ ಅಮೆರಿಕದ ಸೇನೆ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದ ಇಂಥದೇ ವ್ಯವಸ್ಥೆಯ ಕೇಂದ್ರಗಳಿರುವ ಬ್ಯಾಲಾಳು, ಹಾಸನಗಳಿಗೂ ಕೊನೆಯಲ್ಲಿ ಬರುತ್ತೇನೆ.

2003ರ ಮಾರ್ಚ್ 25. ಇರಾಕ್ ಮೇಲಿನ ದಾಳಿ ಶುರುವಾಗಿ ಇನ್ನೂ ವಾರ ಕಳೆದಿರಲಿಲ್ಲ. ಅಮೆರಿಕದ ಕೇಂದ್ರ ಕಮಾಂಡ್‌ನ ಮೇಜರ್ ಜನರಲ್ ವಿಕ್ಟರ್ ರೆನುವಾರ್ಟ್ ಪತ್ರಕರ್ತರ ಮುಂದೆ ಬಂದು, ಜಿಪಿಎಸ್ ಸಂಕೇತವನ್ನು ಕೆಡಿಸಲು ಇರಾಕ್ ನಿಲ್ಲಿಸಿದ್ದ ಆರು ಜಾಮರ್‌ಗಳನ್ನು ನಾಶಮಾಡಿದ್ದೇವೆ, ಅವುಗಳಲ್ಲಿ ಒಂದನ್ನು ಜಿಪಿಎಸ್ ಬಾಂಬಿನಿಂದಲೇ ಹೊಡೆದಿದ್ದೇವೆ ಎಂದು ತಿಳಿಸಿದರು. ಆ ಮಾತು ಜಗತ್ತಿನ ಸೇನೆಗಳ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಜಾಮರ್ ಎಂದರೆ ತಾನಿರುವ ಜಾಗವನ್ನು ತಾನೇ ಕೂಗಿ ಹೇಳುವ ಯಂತ್ರ, ಅದಕ್ಕೆ ಹೆದರಬೇಕಿಲ್ಲ ಎಂಬ ನಂಬಿಕೆ ಗಟ್ಟಿಯಾಯಿತು. ಇಪ್ಪತ್ತು ವರ್ಷಗಳ ನಂತರ ಉಕ್ರೇನ್‌ನ ಯುದ್ಧರೇಖೆಯಲ್ಲಿ ಅದೇ ನಂಬಿಕೆ ಮುರಿಯಿತು. 155 ಮಿ.ಮೀ. ಫಿರಂಗಿಯಿಂದ ಹಾರಿ ಜಿಪಿಎಸ್ ನೆರವಿನಿಂದ ಗುರಿ ಹುಡುಕುವ ಎಕ್ಸ್‌ಕ್ಯಾಲಿಬರ್ ಶೆಲ್ ಮೊದಮೊದಲು ಅದ್ಭುತ ಫಲ ಕೊಟ್ಟಿತ್ತು. ಉಕ್ರೇನ್‌ನದೇ ಮೌಲ್ಯಮಾಪನವನ್ನು ಆಧರಿಸಿ 2024ರಲ್ಲಿ ಬಂದ ವರದಿಗಳ ಪ್ರಕಾರ ಅದರ ಯಶಸ್ಸು ಶೇಕಡ 10ಕ್ಕಿಂತ ಕೆಳಗಿಳಿದಿತ್ತು. ರಷ್ಯಾ ಜಿತೆಲ್, ಪೋಲ್-21 ಮುಂತಾದ ಜಾಮರ್‌ಗಳನ್ನು ಮುಂಚೂಣಿಯುದ್ದಕ್ಕೂ ಹರಡಿತ್ತು. ಆರು ಜಾಮರ್‌ಗಳಿದ್ದರೆ ಆರನ್ನೂ ಹೊಡೆಯಬಹುದು. ನೂರಾರು ಇದ್ದು, ಒಂದು ಹೋದರೆ ಇನ್ನೊಂದು ಬಂದು ನಿಲ್ಲುವಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಜಿಪಿಎಸ್ ಸಂಕೇತ ಇಷ್ಟು ಸುಲಭವಾಗಿ ಕೆಡುವುದು ಯಾಕೆ? ಉತ್ತರ ದೂರದಲ್ಲಿದೆ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅವು ಸೂಸುವ ಶಕ್ತಿ ಹತ್ತಾರು ವ್ಯಾಟ್‌ಗಳಷ್ಟು. ಅರ್ಧ ಭೂಮಂಡಲದ ಮೇಲೆ ಹರಡಿ ನಮ್ಮ ಆಂಟೆನಾ ಮುಟ್ಟುವ ಹೊತ್ತಿಗೆ ಅದು ಒಂದು ವ್ಯಾಟ್ ಅನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ರಿಸೀವರ್‌ನ ಒಳಗೆ ಉಷ್ಣತೆಯಿಂದಲೇ ಹುಟ್ಟುವ ಗದ್ದಲ ಇದಕ್ಕಿಂತ ಹತ್ತಾರು ಪಟ್ಟು ಜೋರಾಗಿರುತ್ತದೆ. ಅಂದರೆ ಜಾಮರ್ ಇಲ್ಲದ ದಿನವೂ ಜಿಪಿಎಸ್ ಸಂಕೇತ ಗದ್ದಲದ ಕೆಳಗೇ ಹೂತುಹೋಗಿರುತ್ತದೆ.

ಹೂತುಹೋದದ್ದನ್ನು ಹೊರಗೆ ತೆಗೆಯುವ ಬಗೆ ಈ ತಂತ್ರಜ್ಞಾನದ ಅತ್ಯಂತ ಸುಂದರ ಭಾಗ. ಪ್ರತಿ ಉಪಗ್ರಹಕ್ಕೂ ತನ್ನದೇ ಆದ ಸೊನ್ನೆ-ಒಂದುಗಳ ಸರಣಿಯಿದೆ. ನಾಗರಿಕರಿಗೆ ಬಿಟ್ಟುಕೊಟ್ಟಿರುವ ಸಿ/ಎ ಕೋಡ್‌ನಲ್ಲಿ ಇಂಥ 1,023 ತುಣುಕುಗಳಿವೆ. ಅವು ಒಂದು ಮಿಲಿಸೆಕೆಂಡಿನಲ್ಲಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ರಿಸೀವರ್ ಅದೇ ಸರಣಿಯನ್ನು ತನ್ನೊಳಗೆ ತಯಾರಿಸಿಕೊಂಡು, ಒಳಬಂದ ಗದ್ದಲದ ಮೇಲಿಟ್ಟು, ಹಿಂದೆಮುಂದೆ ಸರಿಸಿ ನೋಡುತ್ತದೆ. ತೇರಿನ ಬೀದಿಯ ಗಲಾಟೆಯಲ್ಲೂ ತಾಳ ಬಲ್ಲವನು ಮೃದಂಗದ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ಅರಿತು ಕಿವಿಗೊಡುತ್ತಾನಲ್ಲ, ಹಾಗೆ. ಎರಡೂ ಸರಣಿಗಳು ಕೂಡಿದ ಕ್ಷಣದಲ್ಲಿ ಸಾವಿರ ತುಣುಕುಗಳ ಬಲ ಒಟ್ಟುಗೂಡಿ ಸಂಕೇತ ಮೇಲೇಳುತ್ತದೆ, ಗದ್ದಲ ಪರಸ್ಪರ ಕಳೆದು ತಗ್ಗುತ್ತದೆ. ಕೂಡಲು ಎಷ್ಟು ಸರಿಸಬೇಕಾಯಿತು ಎಂಬುದರಿಂದ ಸಂಕೇತ ಹೊರಟು ಎಷ್ಟು ಹೊತ್ತಾಯಿತು, ಉಪಗ್ರಹ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕರೆ ನಾವಿರುವ ಜಾಗವೂ ಸರಿಯಾದ ಸಮಯವೂ ಗೊತ್ತಾಗುತ್ತವೆ.

ಈಗ ಜಾಮರ್‌ನ ಲೆಕ್ಕ ಹಾಕೋಣ. ಈ ಉಪನ್ಯಾಸದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಗಣಿತ ಇದೊಂದೇ. ಮೊದಲ ಬಾರಿ ಸಂಕೇತ ಹುಡುಕುತ್ತಿರುವ ಒಂದು ಸಾಮಾನ್ಯ ರಿಸೀವರ್, ಸಂಕೇತಕ್ಕಿಂತ ಸುಮಾರು 250 ಪಟ್ಟು ಜೋರಾದ ಅಡ್ಡಿಯವರೆಗೆ ತಡೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಕೇವಲ ಒಂದು ವ್ಯಾಟ್‌ನ ಜಾಮರ್ ಒಂದನ್ನು ಬೆಂಗಳೂರಿನಲ್ಲಿ ಇಡಿ. ನಡುವೆ ಕಟ್ಟಡ, ಗುಡ್ಡಗಳ ಮರೆ ಇಲ್ಲದಿದ್ದರೆ ಸುಮಾರು 80 ಕಿ.ಮೀ. ದೂರದವರೆಗೂ ಅದು ರಿಸೀವರ್ ಅನ್ನು ಕುರುಡಾಗಿಸುತ್ತದೆ. ತುಮಕೂರು ಆ ವೃತ್ತದೊಳಗೆ ಬೀಳುತ್ತದೆ. ನೆಲದ ಮೇಲೆ ಮರೆಗಳು ನಮ್ಮನ್ನು ಬಹಳಷ್ಟು ಕಾಯುತ್ತವೆ. ಆದರೆ ಮೇಲೆ ಹಾರುವ ವಿಮಾನಕ್ಕೆ, ಡ್ರೋನ್‌ಗೆ, ಫಿರಂಗಿ ಶೆಲ್‌ಗೆ ಯಾವ ಮರೆಯೂ ಇಲ್ಲ. ವೃತ್ತ ಪೂರ್ತಿಯಾಗಿ ಅವುಗಳ ಪಾಲಿಗಿರುತ್ತದೆ.

ರೇಡಿಯೊ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಹಾಗಾಗಿ ರಿಸೀವರ್‌ನ ತಾಳಿಕೆಯನ್ನು ನೂರು ಪಟ್ಟು ಹೆಚ್ಚಿಸಿದರೆ ವೃತ್ತದ ತ್ರಿಜ್ಯ ನೂರನೇ ಒಂದು ಭಾಗವಾಗುವುದಿಲ್ಲ, ಹತ್ತನೇ ಒಂದು ಭಾಗವಾಗುತ್ತದೆ. ಹತ್ತು ಸಾವಿರ ಪಟ್ಟು ಹೆಚ್ಚಿಸಿದರೆ 80 ಕಿ.ಮೀ. ಇದ್ದದ್ದು 800 ಮೀಟರ್‌ಗೆ ಇಳಿಯುತ್ತದೆ. ಜಾಮಿಂಗ್ ತಟ್ಟದ ರಿಸೀವರ್ ಎಂಬುದು ಇಲ್ಲವೇ ಇಲ್ಲ. ಸೇನೆಗಳು ಇಷ್ಟು ವರ್ಷ, ಇಷ್ಟು ಹಣ ಸುರಿದು ಮಾಡುತ್ತಿರುವುದು ಈ ವೃತ್ತವನ್ನು ಕಿರಿದಾಗಿಸುವ ಕೆಲಸ. 80 ಕಿ.ಮೀ. ವೃತ್ತದೊಳಗೆ ಶತ್ರುವಿನ ಒಂದು ಪುಟ್ಟ ಪೆಟ್ಟಿಗೆ ಇಡೀ ಜಿಲ್ಲೆಯನ್ನು ಆಳುತ್ತದೆ. 800 ಮೀಟರ್‌ಗೆ ಇಳಿಸಿದರೆ ಅದೇ ಫಲಕ್ಕೆ ಅವನು ಹತ್ತು ಸಾವಿರ ವ್ಯಾಟ್ ಸೂಸಬೇಕು. ಅದಕ್ಕೆ ಲಾರಿ ಬೇಕು, ಜನರೇಟರ್ ಬೇಕು, ಅಷ್ಟು ಜೋರಾಗಿ ಸೂಸುವುದನ್ನು ವಿಕಿರಣ ಹುಡುಕಿ ಹೊಡೆಯುವ ಕ್ಷಿಪಣಿ ದೂರದಿಂದಲೇ ಗುರುತಿಸುತ್ತದೆ. ರೆನುವಾರ್ಟ್ ಹೇಳಿದ ಮಾತು ಆಗ ಮತ್ತೆ ನಿಜವಾಗತೊಡಗುತ್ತದೆ.

ವೃತ್ತ ಕಿರಿದಾಗಿಸಲು ಎರಡು ಕಡೆಯಿಂದ ಕೆಲಸ ಮಾಡಬಹುದು: ಆಕಾಶದಲ್ಲಿರುವ ಸಂಕೇತವನ್ನು ಬದಲಿಸುವುದು, ಕೈಯಲ್ಲಿರುವ ರಿಸೀವರ್ ಅನ್ನು ಬದಲಿಸುವುದು. ಅಮೆರಿಕ ಆಕಾಶದಿಂದ ಶುರುಮಾಡಿತು.

1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹಾರಿದಾಗಲೇ ಸೇನೆಗೆಂದು ಬೇರೆ ಕೋಡ್ ಇತ್ತು. ಅದು ನಾಗರಿಕ ಕೋಡ್‌ಗಿಂತ ಹತ್ತು ಪಟ್ಟು ವೇಗದ್ದು, ವಾರಕ್ಕೊಮ್ಮೆ ಮಾತ್ರ ಮರುಕಳಿಸುವಂಥದ್ದು. 1994ರ ಜನವರಿ ಕೊನೆಯಿಂದ ಅದನ್ನು ಗೂಢಲಿಪಿಯಲ್ಲಿ ಮುಚ್ಚಿ ವೈ-ಕೋಡ್ ಮಾಡಿದರು. ಮುಚ್ಚುವ ಉದ್ದೇಶ ಜಾಮಿಂಗ್ ತಡೆಯುವುದಕ್ಕಿಂತ ಸ್ಪೂಫಿಂಗ್ ತಡೆಯುವುದು. ಜಾಮರ್ ಸಂಕೇತವನ್ನು ಮುಳುಗಿಸುತ್ತದೆ; ಸ್ಪೂಫರ್ ಸುಳ್ಳು ಸಂಕೇತ ಕಳಿಸಿ ರಿಸೀವರ್ ಅನ್ನು ತಪ್ಪು ಜಾಗಕ್ಕೆ ನಂಬಿಸುತ್ತದೆ. ಸಿ/ಎ ಕೋಡ್ ಲೋಕಕ್ಕೆಲ್ಲ ಗೊತ್ತಿರುವುದರಿಂದ ಅದರ ನಕಲು ಯಾರು ಬೇಕಾದರೂ ಮಾಡಬಹುದು. ಕೀಲಿ ಇಲ್ಲದವನಿಗೆ ವೈ-ಕೋಡ್‌ನ ನಕಲು ಮಾಡಲಾಗದು. ಆದರೆ ಅದರಲ್ಲೊಂದು ಕೊರತೆ ಉಳಿದುಕೊಂಡಿತ್ತು. ವಾರದಷ್ಟು ಉದ್ದದ ಸರಣಿಯಲ್ಲಿ ಸರಿಯಾದ ಜಾಗ ಹುಡುಕುವುದು ಕಷ್ಟವಾದ್ದರಿಂದ ಬಹಳಷ್ಟು ಹಳೆಯ ಸೇನಾ ರಿಸೀವರ್‌ಗಳು ಮೊದಲು ಸಿ/ಎ ಕೋಡ್ ಹಿಡಿದು, ಅದರ ನೆರವಿನಿಂದ ವೈ-ಕೋಡ್‌ಗೆ ಹತ್ತುತ್ತಿದ್ದವು. ಶತ್ರು ಕೆಳಗಿನ ಮೆಟ್ಟಿಲನ್ನು ಕಿತ್ತರೆ ಸಾಕು, ಮೇಲಿನ ಭದ್ರ ಕೋಣೆಗೆ ದಾರಿಯೇ ಇಲ್ಲ.

ಸೇನೆಯ ಹೊಸ ಕೋಡ್ ಆದ ಎಂ-ಕೋಡ್ ಹುಟ್ಟಿದ್ದು ಈ ಕೊರತೆ ನೀಗಲು. ಕೀಲಿ ಇರುವ ರಿಸೀವರ್ ಇದನ್ನು ನಾಗರಿಕ ಸಂಕೇತದ ಹಂಗಿಲ್ಲದೆ ನೇರವಾಗಿ ಹಿಡಿಯಬಲ್ಲದು. ಇನ್ನೊಂದು ಗುಣ ಅದರ ಆಕಾರದ್ದು. ಸಿ/ಎ ಕೋಡ್‌ನ ಶಕ್ತಿಯೆಲ್ಲ 1575.42 ಮೆಗಾಹರ್ಟ್ಸ್‌ನ ನಡುಮಧ್ಯದಲ್ಲಿ ಗುಡ್ಡೆಯಾಗಿರುತ್ತದೆ. ಎಂ-ಕೋಡ್ ನಡುವನ್ನು ಬಹುಪಾಲು ಖಾಲಿ ಬಿಟ್ಟು, ಎಡಕ್ಕೆ ಬಲಕ್ಕೆ ತಲಾ ಸುಮಾರು 10 ಮೆಗಾಹರ್ಟ್ಸ್ ಸರಿದು ಎರಡು ದಿಬ್ಬಗಳಾಗಿ ನಿಲ್ಲುತ್ತದೆ. ಹೀಗೆ ಮಾಡಿದ್ದರಿಂದ ಯುದ್ಧಭೂಮಿಯಲ್ಲಿ ಅಮೆರಿಕದ ಪಡೆಯೇ ನಡುವಿನ ನಾಗರಿಕ ಸಂಕೇತವನ್ನು ಜಾಮ್ ಮಾಡಿ ಶತ್ರುವಿಗೆ ಜಿಪಿಎಸ್ ಇಲ್ಲದಂತೆ ಮಾಡಬಹುದು, ತನ್ನ ಎಂ-ಕೋಡ್ ಮಾತ್ರ ಎರಡೂ ಬದಿಯಲ್ಲಿ ಉಳಿದಿರುತ್ತದೆ. ಎಂಜಿನಿಯರ್‌ನ ಕಣ್ಣಿಗೆ ಇದು ಬಹಳ ಜಾಣ ವಿನ್ಯಾಸ. ಅದೇ ಆಕಾಶದ ಕೆಳಗೆ ಆಂಬುಲೆನ್ಸ್ ಓಡಿಸುವವರು, ಮೀನು ಹಿಡಿಯುವವರು, ವಿಮಾನ ಇಳಿಸುವವರು ಇದ್ದಾರೆ. ಅವರ ಸಂಕೇತವನ್ನು ಬಲಿಕೊಡಬಹುದಾದ ಪಾಲೆಂದು ವಿನ್ಯಾಸದಲ್ಲೇ ಬರೆದಿಟ್ಟಿರುವುದು ನನ್ನನ್ನು ಕಾಡುತ್ತದೆ.

ಎಂ-ಕೋಡ್ ಸೂಸುವ ಮೊದಲ ಉಪಗ್ರಹ 2005ರ ಸೆಪ್ಟೆಂಬರ್‌ನಲ್ಲೇ ಹಾರಿತು. ನಂತರ ಒಂದಾದ ಮೇಲೊಂದು ಮೇಲೇರಿದವು. 2018ರ ಡಿಸೆಂಬರ್‌ನಲ್ಲಿ ಇನ್ನೂ ಬಲವಾದ ಮೂರನೇ ಪೀಳಿಗೆಯ ಜಿಪಿಎಸ್ ಉಪಗ್ರಹಗಳು ಶುರುವಾದವು. ಕೆಳಗೆ ಏನಾಗುತ್ತಿತ್ತು? ಹೊಸ ಸಂಕೇತವನ್ನು ಪೂರ್ತಿಯಾಗಿ ನಿಯಂತ್ರಿಸಬೇಕಾದ ನೆಲದ ವ್ಯವಸ್ಥೆ ಓಸಿಎಕ್ಸ್‌ನ ಗುತ್ತಿಗೆಯನ್ನು 2010ರಲ್ಲಿ ರೇಥಿಯಾನ್ ಕಂಪನಿಗೆ ಕೊಟ್ಟರು. 2016ರಲ್ಲಿ ಅದರ ವೆಚ್ಚ ಕಾನೂನಿನ ಮಿತಿಯನ್ನು ಎಷ್ಟು ಮೀರಿತೆಂದರೆ ಯೋಜನೆಯನ್ನು ಉಳಿಸಿಕೊಳ್ಳಲು ರಕ್ಷಣಾ ಇಲಾಖೆ ಸಂಸತ್ತಿಗೆ ವಿಶೇಷ ಸಮರ್ಥನೆ ಕೊಡಬೇಕಾಯಿತು. ಅಮೆರಿಕದ ಬಾಹ್ಯಾಕಾಶ ಪಡೆ ಅದನ್ನು ಕೈಗೆ ತೆಗೆದುಕೊಂಡದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಕಾಯಲಾಗದೆ ಹಳೆಯ ನಿಯಂತ್ರಣ ವ್ಯವಸ್ಥೆಗೇ ತೇಪೆ ಹಾಕಿ 2020ರಲ್ಲಿ ಎಂ-ಕೋಡ್ ಅನ್ನು ಬಳಕೆಗೆ ತಂದರು. ಸಂಕೇತ ಆಕಾಶಕ್ಕೆ ಬಂದು ಆಗಲೇ ಹದಿನೈದು ವರ್ಷವಾಗಿತ್ತು.

ರಿಸೀವರ್‌ಗಳ ಕಥೆ ಇನ್ನೂ ನಿಧಾನ. ಎಂ-ಕೋಡ್ ಹಿಡಿಯಲಾಗದ ಜಿಪಿಎಸ್ ಸಾಧನವನ್ನು 2017ರ ಹಣಕಾಸು ವರ್ಷದ ನಂತರ, ವಿನಾಯಿತಿ ಪಡೆಯದೆ, ಕೊಳ್ಳಕೂಡದೆಂದು ಅಮೆರಿಕದ ಸಂಸತ್ತು ಕಾನೂನನ್ನೇ ಮಾಡಿತು. ಗಡುವು ಬಂದಾಗ ಕೊಳ್ಳಲು ಸಿದ್ಧ ಸಾಧನವಿರಲಿಲ್ಲ. ಹೊಸ ರಿಸೀವರ್ ಕಾರ್ಡ್ ಅನ್ನು ಮೊದಲು ನಾಲ್ಕು ಕಡೆ ಕೂರಿಸಿ ನೋಡುವುದೆಂದು ನಿರ್ಧಾರವಾಗಿತ್ತು: ಭೂಸೇನೆಯ ಸ್ಟ್ರೈಕರ್ ಯುದ್ಧವಾಹನ, ಮರೀನ್‌ಗಳ ಹಗುರ ಯುದ್ಧವಾಹನ, ಬಿ-2 ಬಾಂಬರ್, ನೌಕಾಪಡೆಯ ಆರ್ಲೆ ಬರ್ಕ್ ವರ್ಗದ ಡೆಸ್ಟ್ರಾಯರ್. ಪ್ರತಿಯೊಂದರಲ್ಲೂ ವಿದ್ಯುತ್ ಬೇರೆ, ಬಿಸಿ ಬೇರೆ, ಹೊಂದಿಕೊಳ್ಳಬೇಕಾದ ಹಳೆಯ ಕಂಪ್ಯೂಟರ್ ಬೇರೆ. ಅಮೆರಿಕದ ಸೇನೆಯಲ್ಲಿ ಜಿಪಿಎಸ್ ಬಳಸುವ ವಾಹನ, ಆಯುಧಗಳ ಬಗೆಗಳೇ ನೂರಾರು. ಮೂವತ್ತು ಉಪಗ್ರಹಗಳನ್ನು ಬದಲಿಸುವುದಕ್ಕಿಂತ ಲಕ್ಷಾಂತರ ರಿಸೀವರ್‌ಗಳನ್ನು ಬದಲಿಸುವುದು ಕಷ್ಟ ಎಂಬ ಸರಳ ಸತ್ಯವನ್ನು ಆ ಯೋಜನೆ ತಡವಾಗಿ ಕಲಿತಿತು. ರಾಕೆಟ್ ಉಡಾವಣೆಗೆ ಕ್ಯಾಮೆರಾ ಬರುತ್ತದೆ, ಮಂತ್ರಿಗಳು ಬರುತ್ತಾರೆ. ವಾಹನವೊಂದರ ಹೊಟ್ಟೆಯೊಳಗಿನ ಕಾರ್ಡ್ ಬದಲಿಸಿ ಪರೀಕ್ಷೆ ಮುಗಿಸಿದ ತಂತ್ರಜ್ಞನ ಫೋಟೊ ಯಾರೂ ತೆಗೆಯುವುದಿಲ್ಲ. ವೃತ್ತ ಕಿರಿದಾಗುವುದು ಮಾತ್ರ ಅವನ ಕೈಯಲ್ಲಿ.

ಆಂಟೆನಾ ವಿಷಯಕ್ಕೆ ಬರುತ್ತೇನೆ. ಇಡೀ ಪ್ರಯತ್ನದಲ್ಲಿ ಹಾಕಿದ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಫೋನಿನ ಆಂಟೆನಾ ಎಲ್ಲ ದಿಕ್ಕಿನಿಂದ ಬಂದದ್ದನ್ನೂ ಸಮನಾಗಿ ಒಳಗೆ ಬಿಡುತ್ತದೆ. ಸೇನಾ ವಿಮಾನದ ಬೆನ್ನ ಮೇಲೆ ಸುಮಾರು 35 ಸೆಂ.ಮೀ. ಅಗಲದ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮುಚ್ಚಳ ತೆಗೆದರೆ ನಡುವೆ ಒಂದು, ಸುತ್ತ ಆರು, ಒಟ್ಟು ಏಳು ಪುಟ್ಟ ಆಂಟೆನಾಗಳು. ಜಿಪಿಎಸ್ ಅಲೆಯ ಉದ್ದ 19 ಸೆಂ.ಮೀ.; ಒಂದು ಪುಟ್ಟ ಆಂಟೆನಾದಿಂದ ಇನ್ನೊಂದಕ್ಕೆ ಅದರ ಸುಮಾರು ಅರ್ಧದಷ್ಟು ಅಂತರ. ಜಾಮರ್‌ನ ಅಲೆ ಓರೆಯಾಗಿ ಬಂದು ಒಂದನ್ನು ಮೊದಲು, ಮತ್ತೊಂದನ್ನು ಕ್ಷಣದ ಅತ್ಯಲ್ಪ ಭಾಗ ತಡವಾಗಿ ಮುಟ್ಟುತ್ತದೆ. ಹಿಂದಿರುವ ಸರ್ಕ್ಯೂಟ್ ಏಳೂ ಧಾರೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದೆಮುಂದೆ ಸರಿಸಿ ಕೂಡಿಸುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಜಾಮರ್‌ನ ಅಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಬೇರೆ ದಿಕ್ಕಿನಿಂದ ಬಂದ ಉಪಗ್ರಹದ ಸಂಕೇತಕ್ಕೆ ಆ ಸರಿಸುವಿಕೆ ಹೊಂದುವುದಿಲ್ಲ, ಅದು ಉಳಿಯುತ್ತದೆ.

ಜಾಮರ್ ಎಲ್ಲಿದೆ ಎಂದು ಈ ಆಂಟೆನಾಗೆ ಯಾರೂ ಹೇಳಿಕೊಡಬೇಕಿಲ್ಲ. ಉಪಗ್ರಹದ ಸಂಕೇತ ಯಾವತ್ತೂ ಗದ್ದಲದ ಕೆಳಗೇ ಇರುತ್ತದೆಂದು ಆಗಲೇ ಹೇಳಿದೆನಲ್ಲ. ಅಂದಮೇಲೆ ಗದ್ದಲಕ್ಕಿಂತ ಮೇಲೆದ್ದು ಕಾಣುವ ಯಾವುದೂ ನಮ್ಮದಲ್ಲ, ಅದು ಶತ್ರುವಿನದೇ. ಒಟ್ಟು ಶಕ್ತಿ ಅತ್ಯಂತ ಕಡಿಮೆ ಆಗುವಂತೆ ಏಳು ಧಾರೆಗಳನ್ನು ಕೂಡಿಸುತ್ತಾ ಹೋಗು ಎಂಬ ಒಂದೇ ಆಜ್ಞೆ ಸಾಕು. ಜಾಮರ್ ತಾನಾಗಿ ಮಾಯವಾಗುತ್ತದೆ. ಸಂಕೇತದ ದೌರ್ಬಲ್ಯವೇ ಇಲ್ಲಿ ಶತ್ರುವನ್ನು ಗುರುತಿಸುವ ಸಾಧನವಾಯಿತು. ಹೀಗೆ ಸಿಗುವ ತಾಳಿಕೆ ಸಾವಿರದಿಂದ ಹತ್ತು ಸಾವಿರ ಪಟ್ಟಿನವರೆಗೆ ಹೋಗುತ್ತದೆ, ನಮ್ಮ 80 ಕಿ.ಮೀ. ಒಂದೇ ಏಟಿಗೆ ಒಂದೆರಡು ಕಿಲೋಮೀಟರ್‌ಗೆ ಬೀಳುತ್ತದೆ. ಮಿತಿಯೂ ಇದೆ. ಏಳು ಆಂಟೆನಾಗಳು ಆರು ದಿಕ್ಕಿನ ಜಾಮರ್‌ಗಳನ್ನು ಅಳಿಸಬಲ್ಲವು. ಏಳನೆಯದು ಬಂದರೆ ಸೋಲು ಶುರು. 155 ಮಿ.ಮೀ. ಶೆಲ್‌ನ ಮೂತಿಯಲ್ಲಿ ಅಂಥ ತಟ್ಟೆಗೆ ಜಾಗವೂ ಇಲ್ಲ. ಅಮೆರಿಕ ಇವನ್ನು ಬಹುಕಾಲ ಕಟ್ಟುನಿಟ್ಟಿನ ರಫ್ತು ನಿರ್ಬಂಧದಲ್ಲಿಟ್ಟಿತ್ತು. ರಷ್ಯಾ ತನ್ನದೇ ಕೊಮೆಟಾ ಎಂಬ ಆಂಟೆನಾ ಮಾಡಿ ಡ್ರೋನ್‌ಗಳಿಗೆ, ರೆಕ್ಕೆಯ ಬಾಂಬುಗಳಿಗೆ ಕೂರಿಸಿತು. ಉಕ್ರೇನ್ ಜಾಮ್ ಮಾಡುವ ದಿಕ್ಕುಗಳನ್ನು ಹೆಚ್ಚಿಸಿದಂತೆ ಅದರ ಆಂಟೆನಾಗಳ ಸಂಖ್ಯೆಯೂ ನಾಲ್ಕು, ಎಂಟು, ಹದಿನಾರು ಎಂದು ಏರಿತು. ಇಬ್ಬರೂ ಒಂದೇ ಸಮೀಕರಣವನ್ನು ಎರಡು ಬದಿಯಿಂದ ಬಿಡಿಸುತ್ತಿದ್ದಾರೆ.

ಮುಂದಿನ ಹೆಜ್ಜೆಯೂ ಆಕಾಶದ್ದೇ. 2018ರಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ 22 ಉಪಗ್ರಹಗಳವರೆಗೆ ಗುತ್ತಿಗೆ ಕೊಟ್ಟಿರುವ ಮುಂದಿನ ಪೀಳಿಗೆ, ಎಂ-ಕೋಡ್ ಅನ್ನು ಬೇಕಾದ ಪ್ರದೇಶದ ಮೇಲೆ ಮಾತ್ರ ಕೇಂದ್ರೀಕರಿಸಿ 60 ಪಟ್ಟಿನವರೆಗೆ ಹೆಚ್ಚು ಜಾಮಿಂಗ್ ತಾಳಿಕೆ ಕೊಡಲಿದೆ. ನಮ್ಮ ಲೆಕ್ಕದಲ್ಲಿ ವೃತ್ತದ ತ್ರಿಜ್ಯ ಎಂಟನೇ ಒಂದು ಭಾಗದಷ್ಟಾಗುತ್ತದೆ. ದೊಡ್ಡ ಲಾಭವೇ, ಆದರೆ ಒಂದು ಒಳ್ಳೆಯ ಆಂಟೆನಾ ಕೊಡುವುದಕ್ಕಿಂತ ಕಡಿಮೆ. ಜೊತೆಗೆ ಜಡತ್ವ ಮಾಪಕಗಳಿವೆ. ತನ್ನ ಚಲನೆಯನ್ನು ತಾನೇ ಅಳೆದು ಜಾಗ ಲೆಕ್ಕ ಹಾಕುವ ಇವಕ್ಕೆ ಯಾವ ಸಂಕೇತವೂ ಬೇಡ. ವಿಮಾನದ ಉತ್ತಮ ಮಾಪಕ ಗಂಟೆಗೆ ಒಂದೆರಡು ಕಿಲೋಮೀಟರ್ ತಪ್ಪುತ್ತದೆ. ಜಾಮರ್‌ನ ವೃತ್ತ ಒಂದು ಕಿಲೋಮೀಟರ್‌ಗೆ ಇಳಿದಿದ್ದರೆ ವಿಮಾನ ಅದನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ, ಅಷ್ಟು ಹೊತ್ತಿನ ತಪ್ಪು ಲೆಕ್ಕಕ್ಕೇ ಬಾರದು. ಹೀಗಾಗಿ ಸಂಕೇತ, ಆಂಟೆನಾ, ಜಡತ್ವ ಮಾಪಕ ಒಂದರ ಮೇಲೊಂದು ಸೇರಿದಾಗಲೇ ರಕ್ಷಣೆ ಪೂರ್ತಿ.

ಕೀಲಿಯಿಲ್ಲದ ನಾಗರಿಕರ ಸ್ಥಿತಿ ಏನು? ಎಸ್ಟೋನಿಯಾದ ಟಾರ್ಟು ನಗರವನ್ನು ನೋಡಿ. 2024ರ ಏಪ್ರಿಲ್‌ನಲ್ಲಿ ಜಿಪಿಎಸ್ ಅಡಚಣೆಯಿಂದಾಗಿ ಇಳಿಯಲಾಗದೆ ಫಿನ್‌ಏರ್ ವಿಮಾನಗಳು ಹೆಲ್ಸಿಂಕಿಗೆ ಹಿಂತಿರುಗಿದವು. ಆ ನಿಲ್ದಾಣದಲ್ಲಿ ಇಳಿಯುವ ವಿಧಾನ ಜಿಪಿಎಸ್ ಅನ್ನೇ ನಂಬಿತ್ತು. ಕಂಪನಿ ಒಂದು ತಿಂಗಳು ಸೇವೆ ನಿಲ್ಲಿಸಿತು. ಮತ್ತೆ ಶುರುವಾದದ್ದು, ನೆಲದ ರೇಡಿಯೊ ಸ್ಥಾವರಗಳಿಂದ ದೂರ ಅಳೆದು ಇಳಿಯುವ ಹಳೆಯ ವಿಧಾನವನ್ನು ಅಲ್ಲಿ ಮತ್ತೆ ಜಾರಿಗೆ ತಂದ ಮೇಲೆ. ಸ್ಪೂಫಿಂಗ್ ವಿರುದ್ಧ ನಾಗರಿಕರಿಗೂ ಕೊಡಬಹುದಾದ ರಕ್ಷಣೆಯೊಂದನ್ನು ಯುರೋಪಿನ ಗೆಲಿಲಿಯೊ ವ್ಯವಸ್ಥೆ 2025ರ ಜುಲೈನಲ್ಲಿ ಸೇವೆಗೆ ತಂದಿತು: ಎಲ್ಲರಿಗೂ ತೆರೆದಿರುವ ಸಂಕೇತದ ಮಾಹಿತಿಗೇ ಡಿಜಿಟಲ್ ಸಹಿ. ರಿಸೀವರ್ ಆ ಸಹಿಯನ್ನು ಪರೀಕ್ಷಿಸಿ ಮಾಹಿತಿ ನಿಜವಾಗಿ ಗೆಲಿಲಿಯೊದಿಂದಲೇ ಬಂದದ್ದೇ ಎಂದು ನೋಡಬಲ್ಲದು. ಜಾಮಿಂಗ್‌ಗೆ ಇದು ಮದ್ದಲ್ಲ. ಆದರೂ ಸಾಮಾನ್ಯ ಜನರ ಸಂಕೇತಕ್ಕೂ ಕಾವಲು ಬೇಕೆಂದು ಒಪ್ಪಿಕೊಂಡ ವ್ಯವಸ್ಥೆ ಅದು, ಆ ಕಾರಣಕ್ಕೆ ನನಗೆ ಅದರ ಮೇಲೆ ಗೌರವ.

ಭಾರತದ್ದೇ ಉಪಗ್ರಹ ಸಂಚಾರ ವ್ಯವಸ್ಥೆಯಾದ ನಾವಿಕ್‌ಗೆ ಬರೋಣ. ಅದರ ಸಂಚಾರ ಕೇಂದ್ರ ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿದೆ; ಉಪಗ್ರಹಗಳನ್ನು ಕಕ್ಷೆಯಲ್ಲಿ ಸಂಭಾಳಿಸುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿ. ಎಲ್ಲರಿಗೂ ತೆರೆದ ಸೇವೆಯ ಜೊತೆಗೆ ಗೂಢಲಿಪಿಯ ನಿರ್ಬಂಧಿತ ಸೇವೆಯೂ ಅದರಲ್ಲಿ ಮೊದಲಿನಿಂದಲೇ ಇದೆ. ಎಲ್-5 ಅಲ್ಲದೆ ಎಸ್ ಬ್ಯಾಂಡ್‌ನಲ್ಲೂ ಸಂಕೇತ ಕಳಿಸುವುದರಿಂದ, ಜಿಪಿಎಸ್‌ಗಾಗಿ ತಯಾರಾದ ಜಾಮರ್‌ಗೆ ಅದು ಸುಲಭದ ತುತ್ತಲ್ಲ. ಆದರೆ ನಮ್ಮ ಕಷ್ಟ ಬೇರೆ ಕಡೆ ಬಂತು. 2013ರಲ್ಲಿ ಹಾರಿದ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೆಟ್ಟವು. ಅವು ಆಮದಾದವು. ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 30 ಸೆಂ.ಮೀ. ತಪ್ಪುತ್ತದೆ, ಗಡಿಯಾರವೇ ನಿಂತರೆ ಆ ಉಪಗ್ರಹ ದಾರಿ ತೋರಿಸಲಾರದು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಬಳಕೆ ಕೇಂದ್ರದವರು ಮಾಡಿದ ದೇಶೀ ರುಬಿಡಿಯಂ ಗಡಿಯಾರ ಮೊದಲ ಬಾರಿ ಕಕ್ಷೆ ಸೇರಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02, ಎಂಜಿನ್‌ಗೆ ಆಕ್ಸಿಡೈಸರ್ ಬಿಡುವ ಕವಾಟ ತೆರೆಯದೆ ಉದ್ದೇಶಿತ ಕಕ್ಷೆ ತಲುಪಲಿಲ್ಲ. ಸ್ಥಾನ ಮತ್ತು ಸಮಯದ ಸೇವೆ ಕೊಡುತ್ತಿರುವುದು ನಾಲ್ಕು ಉಪಗ್ರಹಗಳು ಎಂದು ಆ ವರ್ಷದ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಜಾಗ ಲೆಕ್ಕ ಹಾಕಲು ಬೇಕಾದ ಕನಿಷ್ಠ ಸಂಖ್ಯೆ ನಾಲ್ಕೇ ಎಂದು ಮೊದಲೇ ಹೇಳಿದ್ದೇನೆ.

ಉಪಗ್ರಹಗಳ ಸಂಖ್ಯೆ ತುಂಬಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಒತ್ತಿ ಹೇಳಬಯಸುವುದು, ಅದು ತುಂಬುವವರೆಗೆ ರಿಸೀವರ್ ಕೆಲಸ ಕಾಯಬಾರದು ಎಂದು. ನಾವಿಕ್‌ನ ನಿರ್ಬಂಧಿತ ಸಂಕೇತ ಹಿಡಿಯುವ ಚಿಪ್, ಹಲವು ಧಾರೆಯ ಆಂಟೆನಾ, ಜಡತ್ವ ಮಾಪಕ ಮೂರನ್ನೂ ಒಟ್ಟಿಗೆ ಕಟ್ಟಿ, ಟ್ಯಾಂಕ್‌ನಿಂದ ಮೀನುಗಾರಿಕೆ ದೋಣಿಯವರೆಗೆ ಯಾವುದಕ್ಕೆ ಯಾವ ಮಟ್ಟದ ರಕ್ಷಣೆ ಬೇಕೆಂದು ಈಗಲೇ ತೀರ್ಮಾನಿಸಬೇಕು. ಬೆಂಗಳೂರಿನಲ್ಲಿ ಈ ಮೂರನ್ನೂ ಬಲ್ಲ ಎಂಜಿನಿಯರ್‌ಗಳಿದ್ದಾರೆ, ಅವರ ಕೆಲಸಕ್ಕೆ ಉಡಾವಣೆಗೆ ಕೊಡುವಷ್ಟೇ ಮಹತ್ವ ಮತ್ತು ಗಡುವು ಸಿಗಬೇಕು. ನಾವಿಕ್‌ನ ನಾಗರಿಕ ಸಂಕೇತಕ್ಕೂ ಸಹಿ ಬೇಕು.

2025ರ ನವೆಂಬರ್‌ನಲ್ಲಿ ದೆಹಲಿ ವಿಮಾನ ನಿಲ್ದಾಣದ ರನ್‌ವೇ 10ರ ಕಡೆಗೆ ಜಿಪಿಎಸ್ ಆಧಾರದಿಂದ ಇಳಿಯುತ್ತಿದ್ದ ಕೆಲವು ವಿಮಾನಗಳು ಸ್ಪೂಫಿಂಗ್ ಎದುರಿಸಿದವು. ಡಿಸೆಂಬರ್ 1ರಂದು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಸರ್ಕಾರ ಇದನ್ನು ಒಪ್ಪಿಕೊಂಡಿತು. ಅಡಚಣೆ ವರದಿಯಾದ ಬೇರೆ ನಿಲ್ದಾಣಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ನೆಲದ ರೇಡಿಯೊ ಸಾಧನಗಳಿದ್ದ ಉಳಿದ ರನ್‌ವೇಗಳಲ್ಲಿ ಸಂಚಾರಕ್ಕೆ ತೊಂದರೆಯಾಗಲಿಲ್ಲ, ದೇಶದಲ್ಲಿ ಅಂಥ ಸಾಧನಗಳ ಕನಿಷ್ಠ ಜಾಲವನ್ನು ಉಳಿಸಿಕೊಂಡಿದ್ದೇವೆ ಎಂದೂ ಅದೇ ಉತ್ತರದಲ್ಲಿತ್ತು. ಆ ಜಾಲವನ್ನು ಖರ್ಚಿನ ನೆಪ ಹೇಳಿ ಯಾರೂ ಕಳಚದಂತೆ ನೋಡಿಕೊಳ್ಳಬೇಕು. ಹೊಸ ಲ್ಯಾಂಡಿಂಗ್ ವಿಧಾನ ಯಾವ ನಿಲ್ದಾಣಕ್ಕೆ ಬಂದರೂ, ಜಿಪಿಎಸ್ ಇಲ್ಲದ ದಿನ ಅಲ್ಲಿ ವಿಮಾನ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಟ್ಟ ಮೇಲೆಯೇ ಅದಕ್ಕೆ ಒಪ್ಪಿಗೆ ಸಿಗಬೇಕು.